ಹೇಳದೆ ನುಂಗಿದ್ದು

ತುಮಕೂರು
12–8–1985

ಅತ್ತಿಗೆಯವರಿಗೆ ರಂಗಲಕ್ಷ್ಮಿಯ ನಮಸ್ಕಾರ.

ಇತ್ತ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ಹೋದ ಸೋಮವಾರ ಬೆಳಿಗ್ಗೆ ಎದ್ದಾಗ ಬಲಗಣ್ಣಿಗೆ ಏನೋ ಅಡ್ಡ ಬಂದ ಹಾಗಿತ್ತು. ತಣ್ಣೀರಲ್ಲಿ ತೊಳೆದೆ, ಸೆರಗು ಒತ್ತಿ ಬಿಸಿ ಉಸಿರು ಕೊಟ್ಟೆ, ಹೋಗಲಿಲ್ಲ. ನೋವಿಲ್ಲ, ಕೆಂಪಿಲ್ಲ, ನೀರು ಸೋರುವುದಿಲ್ಲ. ಎಡಗಣ್ಣು ಮುಚ್ಚಿಕೊಂಡು ನೋಡಿದರೆ ಪಾಪುವಿನ ಮುಖದ ನಡುಭಾಗವೇ ಇಲ್ಲ. ಕೂದಲು ಕಾಣುತ್ತದೆ, ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ.

ಹಾಗೇ ಫ್ಯಾಕ್ಟರಿಗೆ ಹೋದೆ. ಸತ್ಯಮಂಗಲದ ನಮ್ಮ ಶೆಡ್ಡಿನಲ್ಲಿ ಹೆಂಗಸರಿಗೆಲ್ಲ ಒಂದೇ ಕೆಲಸ. ಒಂದು ಕಣ್ಣಿಗೆ ಭೂತಗನ್ನಡಿಯ ಗಾಜು ಸಿಕ್ಕಿಸಿಕೊಂಡು ಗಡಿಯಾರದ ಸಣ್ಣ ಚಕ್ರಗಳನ್ನು ನೋಡುವುದು, ಹಲ್ಲು ಮುರಿದಿದ್ದನ್ನು ಬೇರೆ ಇಡುವುದು. ಮಧ್ಯಾಹ್ನದ ಹೊತ್ತಿಗೆ ಸೂಪರ್‌ವೈಸರ್ ಕಾಳಯ್ಯನವರು ನನ್ನ ತಟ್ಟೆಯನ್ನು ವಾಪಸ್ ತಂದಿಟ್ಟರು. ಬೈಯಲಿಲ್ಲ. ಮೈ ಹುಷಾರಿಲ್ಲವೇ ಎಂದು ಕೇಳಿದರು ಅಷ್ಟೆ. ನನಗೆ ಅಲ್ಲೇ ಅಳು ಬಂತು.

ಮರುದಿನ ನಿಮ್ಮ ತಮ್ಮ ವರ್ಕ್‌ಶಾಪಿಗೆ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಕಣ್ಣಿಗೆ ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಕೂರಿಸಿ, ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದೆ ಒಂದು ಪರದೆ ಇರುತ್ತದಂತೆ. ಅಲ್ಲಿಂದ ರಕ್ತವನ್ನು ವಾಪಸ್ ಒಯ್ಯುವ ನಾಳ ಕಟ್ಟಿಕೊಂಡಿದೆಯಂತೆ. ದಾರಿ ಸಿಗದ ರಕ್ತ ಪರದೆಯ ಮೇಲೆಲ್ಲ ಒಸರಿ ನಿಂತಿದೆಯಂತೆ.

"ಇದು ವಯಸ್ಸಾದೋರಿಗೆ ಬರೋದಮ್ಮ. ಬಿ.ಪಿ. ಇರೋರು, ಸಕ್ಕರೆ ಕಾಯ್ಲೆಯೋರು, ಬೀಡಿ ಸಿಗರೇಟು ಸೇದೋರು, ಕಣ್ಣೊಳಗೆ ಒತ್ತಡ ಜಾಸ್ತಿ ಇರೋರು. ನಿಂಗೆ ಯಾಕೆ ಬಂತು?" ಎಂದು ನನ್ನನ್ನೇ ಕೇಳಿದರು.

ಸಕ್ಕರೆ ಇಲ್ಲ ಎಂದಾಯಿತು. ಬಿ.ಪಿ. ನೋಡಿದರು, ಮತ್ತೆ ನೋಡಿದರು, ಈ ವಯಸ್ಸಿಗೆ ಇಷ್ಟಿರಬಾರದು ಅಂದರು. ಆಮೇಲೆ, ಮಕ್ಕಳಾಗದ ಹಾಗೆ ಮಾತ್ರೆ ಏನಾದರೂ ನುಂಗುತ್ತೀಯಾ ಅಂದರು. ನಿಮ್ಮ ತಮ್ಮ ಪಕ್ಕದಲ್ಲೇ ನಿಂತಿದ್ದರು. ನಾನು ಇಲ್ಲ ಅಂದೆ. ಅವರು ನಕ್ಕು, "ನಮ್ಮವ್ವ ಮೊಮ್ಮಗ ಬೇಕು ಅಂತ ದೇವರಾಯನದುರ್ಗಕ್ಕೆ ಹರಕೆ ಹೊತ್ಕೊಂಡವ್ಳೆ ಡಾಕ್ಟ್ರೇ" ಅಂದರು. ಡಾಕ್ಟರು ಬಿ.ಪಿ.ಗೆ ಮಾತ್ರೆ ಬರೆದುಕೊಟ್ಟರು.

ಅತ್ತಿಗೆ, ನೀವು ತಂದುಕೊಟ್ಟ ಮಾತ್ರೆ ಸೀಗೆಪುಡಿ ಡಬ್ಬದ ತಳದಲ್ಲಿದೆ. ಅದರಿಂದಲೇ ಇದಾಯಿತೇ? ನಿಲ್ಲಿಸಲೇ? ನಿಲ್ಲಿಸಿದರೆ ಆಮೇಲೆ? ಮನೆ ವಿಳಾಸಕ್ಕೆ ಬರೆಯಬೇಡಿ. ಮನೆಯೊಡತಿ ಹೊಂಬಾಳಮ್ಮನವರ ಹೆಸರಿಗೆ ಬರೆದರೆ ನನ್ನ ಕೈಗೇ ಕೊಡುತ್ತಾರೆ. ಬೇಗ ಬರೆಯಿರಿ. ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ.

ನಿಮ್ಮ
ರಂಗಲಕ್ಷ್ಮಿ


ಕುಣಿಗಲ್
21–8–1985

ರಂಗಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ. ನೀನೂ ಇದನ್ನು ಹಾಗೇ ಮಾಡು.

ಮೊದಲು ಧೈರ್ಯ ತಂದುಕೋ. ಡಾಕ್ಟರುಗಳು ಬಂದವರನ್ನೆಲ್ಲ ಎಲ್ಲವನ್ನೂ ಕೇಳುತ್ತಾರೆ, ಅದು ಅವರ ಅಭ್ಯಾಸ. ನಮ್ಮ ಬೀದಿಯಲ್ಲೇ ನಾಲ್ಕಾರು ಜನ ಆ ಮಾತ್ರೆ ನುಂಗುತ್ತಾರೆ. ಯಾರ ಕಣ್ಣಿಗೂ ಏನೂ ಆಗಿಲ್ಲ. ದಿನವಿಡೀ ಒಂದೇ ಕಣ್ಣಿಗೆ ಗಾಜು ಒತ್ತಿಕೊಂಡು ಕೂತರೆ ನರ ಏನಾಗಬೇಡ? ನನಗಂತೂ ಅದರಿಂದಲೇ ಅನಿಸುತ್ತದೆ.

ನಾನು ಮಾತ್ರೆ ಯಾಕೆ ಕೊಟ್ಟೆ ಎಂದು ನಿನಗೆ ಗೊತ್ತು. ಪಾಪು ಹುಟ್ಟುವಾಗ ನೀನು ನಿನ್ನ ತವರು ಗುಬ್ಬಿಯಲ್ಲಿ ಮುಖ, ಕೈಕಾಲು ಊದಿ, ಫಿಟ್ಸ್ ಬಂದು ಮಲಗಿದ್ದೆ. ನಿಮ್ಮ ತಾಯಿ ಆಸ್ಪತ್ರೆ ಬಾಗಿಲಲ್ಲಿ ಕುಸಿದು ಕೂತಿದ್ದರು. ನಿನ್ನ ಕೈ ಹಿಡಿದುಕೊಂಡಿದ್ದವಳು ನಾನು. ಮಗು ತೆವಳುವುದಕ್ಕೆ ಮೊದಲೇ ನಮ್ಮವ್ವ ಇನ್ನೊಂದಕ್ಕೆ ಶುರು ಮಾಡಿದಳು. ನನ್ನ ತಮ್ಮನೋ ಅವ್ವನ ಮಾತಿಗೆ ಎದುರಾಡುವವನಲ್ಲ. ಇನ್ನೇನು ಮಾಡಬೇಕಿತ್ತು ನಾನು?

ಆದರೆ ನನ್ನ ಹೆಸರು ಹೊರಗೆ ಬರಬಾರದು ರಂಗಿ. ಬಂದರೆ ನನಗೆ ತವರು ಮನೆ ಅಂತ ಒಂದು ಉಳಿಯುವುದಿಲ್ಲ. ಕೇಳಿದವರಿಗೆಲ್ಲ ಫ್ಯಾಕ್ಟರಿ ಕೆಲಸದಿಂದ ಅಂದುಬಿಡು. ಅದು ಸುಳ್ಳು ಅಂತ ಯಾರಿಗೆ ಗೊತ್ತು?

ಇಂತಿ
ಮಹಾಲಕ್ಷ್ಮಮ್ಮ


ತುಮಕೂರು
8–9–1985

ಅತ್ತಿಗೆಯವರಿಗೆ,

ನಾನು ಹೇಳುವ ಅಗತ್ಯವೇ ಬೀಳಲಿಲ್ಲ. ಅತ್ತೆಯವರೇ ಬೀದಿಗೆಲ್ಲ ಹೇಳಿದ್ದಾರೆ. ನೀರಿಗೆ ಬಂದವರಿಗೆ, ಸೊಪ್ಪು ಮಾರಲು ಬಂದವಳಿಗೆ, ಎಲ್ಲರಿಗೂ "ಆ ಫ್ಯಾಕ್ಟ್ರಿ ನನ್ ಸೊಸೆ ಕಣ್ ತಿಂತು ಕಣವ್ವ" ಎನ್ನುತ್ತಾರೆ. ಅವರು ದುಃಖದಿಂದಲೇ ಹೇಳುತ್ತಾರೆ, ಅದು ನನಗೆ ಇನ್ನೂ ಕಷ್ಟ. ರಾತ್ರಿ ಊಟಕ್ಕೆ ಕೂತಾಗ ನನ್ನ ತಟ್ಟೆಯಲ್ಲಿ ಮೀನಿನ ಮುಳ್ಳು ತಾವೇ ಬಿಡಿಸಿಕೊಡುತ್ತಾರೆ, ನನಗೆ ಕಾಣುವುದಿಲ್ಲ ಎಂದು.

ನಿಮ್ಮ ತಮ್ಮ ಶನಿವಾರ ಶೆಡ್ಡಿಗೆ ಹೋಗಿ ಮಾಲೀಕರ ಮುಂದೆ ನಿಂತು ಕೂಗಾಡಿದರಂತೆ. ಅವರು ಜೋರಾಗಿ ಮಾತಾಡಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ನನಗಾಗಿ ಕೂಗಾಡಿದ್ದಾರೆ. ಕಾಳಯ್ಯನವರು ಸಮಾಧಾನ ಮಾಡಲು ಹೋಗಿ ಬೈಸಿಕೊಂಡರಂತೆ.

ಈಗ ನಡೆದಿರುವುದು ಕೇಳಿ. ನನ್ನ ಪಕ್ಕ ಕೂರುತ್ತಿದ್ದ ಚಿಕ್ಕಗಂಗಮ್ಮ ಎಂಬ ಹುಡುಗಿಯನ್ನು ಅವಳಪ್ಪ ಕೆಲಸ ಬಿಡಿಸಿದ್ದಾನೆ. ಇನ್ನಿಬ್ಬರೂ ಬರುತ್ತಿಲ್ಲವಂತೆ. ಮದುವೆಯಾಗದ ಹುಡುಗಿಯರ ಕಣ್ಣು ಹೋದರೆ ಯಾರು ಒಪ್ಪುತ್ತಾರೆ ಅನ್ನುವ ಭಯ. ಚಿಕ್ಕಗಂಗಮ್ಮ ನೀರಿನ ನೆಪ ಹೇಳಿ ಕಣ್ಣು ತಪ್ಪಿಸಿ ನಮ್ಮ ಮನೆಗೆ ಬಂದಿದ್ದಳು. ಕೆಲಸ ಬಿಡಿಸಿದ ಮೇಲೆ ಹೊಸಿಲು ದಾಟಲು ಬಿಡುತ್ತಿಲ್ಲವಂತೆ, ಗಂಡು ಹುಡುಕುತ್ತಿದ್ದಾರಂತೆ. "ರಂಗಕ್ಕ, ನಿಜವಾಗ್ಲೂ ಗಾಜಿಂದ್ಲೇ ಆಯ್ತಾ? ನಿಮ್ಮ ಡಾಕ್ಟ್ರು ಹಂಗೇ ಅಂದ್ರಾ?" ಎಂದು ಕೇಳಿದಳು. ಅತ್ತೆ ಅಲ್ಲೇ ಕೂತಿದ್ದರು. ನಾನು ಪಾಪುವನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಅವಳು ಕಾದು ಕಾದು ಎದ್ದು ಹೋದಳು.

ಡಾಕ್ಟರು ಗಾಜಿನ ಮಾತೇ ಎತ್ತಿರಲಿಲ್ಲ, ಅತ್ತಿಗೆ.

ಇನ್ನೊಂದು ವಿಷಯ. ನಾನು ಆ ಮಾತ್ರೆ ಇನ್ನೂ ನುಂಗುತ್ತಿದ್ದೇನೆ. ನಿಲ್ಲಿಸಿದರೆ ಬಸಿರು, ಬಸಿರಾದರೆ ಮತ್ತೆ ಆ ಫಿಟ್ಸು. ನುಂಗಿದರೆ ಇನ್ನೊಂದು ಕಣ್ಣು. ಊಟವಾದ ಮೇಲೆ ಅಡುಗೆಮನೆಯಲ್ಲಿ ನುಂಗುತ್ತೇನೆ, ಬೆಳಿಗ್ಗೆ ಎದ್ದೊಡನೆ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ಸೂರು ನೋಡುತ್ತೇನೆ. ಹೆಂಚು ಕಂಡರೆ ಒಂದು ದಿನ ಗೆದ್ದೆ ಅಂದುಕೊಂಡು ಏಳುತ್ತೇನೆ. ಹೀಗೆ ಎಷ್ಟು ಕಾಲ?

ರಂಗಲಕ್ಷ್ಮಿ


ಕುಣಿಗಲ್
16–9–1985

ರಂಗಿ,

ನಾಳೆ ಗೌರಿ ಹಬ್ಬ. ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟು ಬರೆಯುತ್ತಿದ್ದೇನೆ.

ಮಾತ್ರೆ ನಿಲ್ಲಿಸು. ಈ ಕಾಗದ ಓದಿದ ಹೊತ್ತಿನಿಂದಲೇ ನಿಲ್ಲಿಸು. ನಿನ್ನ ಕಾಗದ ಬಂದ ಮೇಲೆ ಮನಸ್ಸು ತಡೆಯದೆ ಇಲ್ಲಿಯ ಆಸ್ಪತ್ರೆಯ ಸಿಸ್ಟರ್ ಹತ್ತಿರ ಹೋಗಿ, ಬೇರೆ ಯಾರದೋ ವಿಷಯ ಎನ್ನುವ ಹಾಗೆ ಕೇಳಿದೆ. ಬಿ.ಪಿ. ಇದ್ದವರು ಅದನ್ನು ನುಂಗಲೇಬಾರದಂತೆ. ರಕ್ತ ಹೆಪ್ಪುಗಟ್ಟುವುದುಂಟಂತೆ. ಕೊಡುವ ಮೊದಲು ಬಿ.ಪಿ. ನೋಡಿದ್ದರಾ, ಹೆರಿಗೆ ಹೇಗಾಗಿತ್ತು ಎಂದು ಕೇಳಿದ್ದರಾ ಎಂದು ಸಿಸ್ಟರ್ ನನ್ನನ್ನು ಕೇಳಿದಳು. ನಾನು ಏನು ಹೇಳಲಿ? ಹಬ್ಬಕ್ಕೆ ಬಳೆ ತಂದುಕೊಡುವ ಹಾಗೆ ಚೀಲದಲ್ಲಿ ಹಾಕಿಕೊಂಡು ಬಂದು ಕೊಟ್ಟಿದ್ದೆ.

ಕಣ್ಣು ತೋರಿಸಲು ಹೋಗಬೇಕು, ಬಿ.ಪಿ. ಸರಿಹೋಗಬೇಕು ಎಂದು ಏನಾದರೂ ನೆಪ ಹೇಳಿ ಗುಬ್ಬಿಗೆ ಹೋಗಿ ಸ್ವಲ್ಪ ದಿನ ಇರು. ಗಂಡನಿಂದ ದೂರ ಇರುವುದಕ್ಕೆ ಅದೊಂದೇ ದಾರಿ ನನಗೆ ಕಾಣುತ್ತಿರುವುದು.

ನನ್ನ ಹೆಸರು ಮಾತ್ರ ಬೇಡ. ಮತ್ತೆ ಮತ್ತೆ ಇದನ್ನೇ ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ.

ಮಹಾಲಕ್ಷ್ಮಮ್ಮ


ಗುಬ್ಬಿ
20–10–1985

ಅತ್ತಿಗೆಯವರಿಗೆ,

ನಾನು ಗುಬ್ಬಿಯಲ್ಲಿದ್ದೇನೆ. ನೆಪ ಹೇಳಿ ಬಂದದ್ದಲ್ಲ, ನಿಮ್ಮ ತಮ್ಮನೇ ಬಸ್ ಹತ್ತಿಸಿ ಕಳಿಸಿದರು. ಎಲ್ಲವನ್ನೂ ಬರೆಯುತ್ತೇನೆ, ಕೋಪ ಮಾಡಿಕೊಳ್ಳದೆ ಕೊನೆತನಕ ಓದಿ.

ತುಮಕೂರಿನ ಡಾಕ್ಟರು ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಗೆ ಚೀಟಿ ಕೊಟ್ಟಿದ್ದರು. ಹೋದ ಬುಧವಾರ ಹೋದೆವು. ಪಾಪುವೂ ಜೊತೆಗಿದ್ದಳು. ಅಲ್ಲಿ ವಯಸ್ಸಾದ ಹೆಂಗಸು ಡಾಕ್ಟರು. ಎಲ್ಲ ನೋಡಿ, ಪರದೆಯ ಮೇಲಿನ ರಕ್ತ ತಾನಾಗಿ ಇಂಗಬೇಕು, ಪೂರ್ತಿ ದೃಷ್ಟಿ ಬರುವುದು ಕಷ್ಟ ಅಂದರು. ಕೆಲವರಿಗೆ ಒಂದೆರಡು ತಿಂಗಳಾದ ಮೇಲೆ ಕಣ್ಣೊಳಗೆ ಒತ್ತಡ ಏರಿ ವಿಪರೀತ ನೋವು ಬರುತ್ತದೆ, ಹಾಗಾದರೆ ತಕ್ಷಣ ಓಡಿ ಬನ್ನಿ ಅಂದರು. ಇನ್ನೊಂದು ಕಣ್ಣನ್ನು ಕಾಪಾಡಿಕೊಳ್ಳಬೇಕಾದರೆ ಯಾಕೆ ಹೀಗಾಯಿತು ಎಂದು ತಿಳಿಯಲೇಬೇಕು ಎಂದು ಒಂದೊಂದಾಗಿ ಕೇಳಿದರು.

ನಿಮ್ಮ ತಮ್ಮ ಮಧ್ಯೆ ಬಾಯಿ ಹಾಕಿ, ಫ್ಯಾಕ್ಟರಿಯ ಗಾಜಿನಿಂದ ಆದದ್ದು, ಹಾಗೆಂದು ಒಂದು ಕಾಗದ ಬರೆದುಕೊಡಿ, ಉಳಿದ ಹುಡುಗಿಯರನ್ನಾದರೂ ಬಿಡಿಸುತ್ತೇನೆ ಅಂದರು. ಡಾಕ್ಟರು, ಗಾಜಿನಿಂದ ಇದಾಗುವುದಿಲ್ಲ ಅಂದರು. ಇವರು ಬಿಡಲಿಲ್ಲ. ನೀವೂ ಮಾಲೀಕರ ಕಡೆಯವರೇ ಎಂದುಬಿಟ್ಟರು. ಆ ಅಮ್ಮನ ಮುಖ ಸಣ್ಣಗಾಯಿತು.

ನನಗೆ ಚಿಕ್ಕಗಂಗಮ್ಮ ಕಣ್ಣ ಮುಂದೆ ಬಂದಳು. ನಮ್ಮ ಮನೆಯ ಜಗಲಿಯ ಮೇಲೆ ಉತ್ತರಕ್ಕೆ ಕಾದು ಕೂತಿದ್ದಳಲ್ಲ, ಹಾಗೆ. ಆಮೇಲೆ ನಾನು ಯೋಚನೆ ಮಾಡಲಿಲ್ಲ. "ನಾನು ಮಾತ್ರೆ ನುಂಗ್ತಿದ್ದೆ ಅಮ್ಮ. ಒಂದೂವರೆ ವರ್ಷದಿಂದ. ಈಗ ನಿಲ್ಸಿದೀನಿ" ಅಂದೆ.

ಡಾಕ್ಟರು ಬರೆದುಕೊಂಡರು. ಪಾಪು ಇವರ ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದಳು, ಅವಳನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು.

ಬಸ್ಸಿನಲ್ಲಿ ನೆಲಮಂಗಲ ದಾಟಿತು, ದಾಬಸ್‌ಪೇಟೆ ದಾಟಿತು. ಕ್ಯಾತ್ಸಂದ್ರದ ಹತ್ತಿರ ಬಂದಾಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಯಾರ್ ಕೊಟ್ರು?" ಅಂದರು. ನಾನೇ ಮೆಡಿಕಲ್ ಸ್ಟೋರಿನಲ್ಲಿ ತೆಗೆದುಕೊಂಡೆ ಅಂದೆ. ನಂಬಿದರೋ ಇಲ್ಲವೋ ಗೊತ್ತಿಲ್ಲ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮನೆಯ ಕಡೆ ಹೆಜ್ಜೆ ಇಟ್ಟೆ. ಅವರು ಗುಬ್ಬಿ ಬಸ್ಸಿನ ಮುಂದೆ ನಿಂತಿದ್ದರು. ಹತ್ತು ಎಂದು ಬಾಯಲ್ಲಿ ಹೇಳಲಿಲ್ಲ. ಪಾಪುವನ್ನು ನನ್ನ ಕೈಗೆ ಕೊಟ್ಟರು.

ನಿಮ್ಮ ಹೆಸರು ಹೇಳಿಲ್ಲ. ಹೇಳುವುದೂ ಇಲ್ಲ. ಒಂದು ಸಾಲು ಬರೆಯಿರಿ.

ರಂಗಲಕ್ಷ್ಮಿ


ಗುಬ್ಬಿ
2–12–1985

ಅತ್ತಿಗೆಯವರಿಗೆ,

ದೀಪಾವಳಿಯೂ ಮುಗಿಯಿತು. ನಿಮ್ಮಿಂದ ಕಾಗದವಿಲ್ಲ. ಪೋಸ್ಟ್‌ಮ್ಯಾನ್ ಅಡವಿಯಪ್ಪ ನನ್ನನ್ನು ಕಂಡರೆ ದೂರದಿಂದಲೇ ತಲೆ ಅಲ್ಲಾಡಿಸಿ ಸೈಕಲ್ ತುಳಿದುಕೊಂಡು ಹೋಗುತ್ತಾನೆ.

ನವೆಂಬರಿನಲ್ಲಿ ಒಂದು ದಿನ ಬಲಗಡೆ ತಲೆ ಸಿಡಿಯಲು ಶುರುವಾಯಿತು. ಡಾಕ್ಟರು ಹೇಳಿದ ನೋವು ಇದೇ ಅಂದುಕೊಂಡೆ. ಅಣ್ಣ ಚಿಕ್ಕಬೋರಯ್ಯ ಕೊಬ್ಬರಿ ಸುಲಿಯುತ್ತಿದ್ದವನು ಹಾಗೇ ಬಿಟ್ಟು ತುಮಕೂರಿಗೆ ಕರೆದುಕೊಂಡು ಓಡಿದ. ಕಣ್ಣಿನ ಒತ್ತಡ ಏರಿಲ್ಲವಂತೆ. ಬಿ.ಪಿ. ಏರಿತ್ತಂತೆ. ಉಪ್ಪಿನಕಾಯಿ, ಹಪ್ಪಳ ಬಿಡು, ಯೋಚನೆ ಬಿಡು ಅಂದರು. ಮೊದಲಿನದನ್ನು ಬಿಟ್ಟಿದ್ದೇನೆ.

ಅಲ್ಲಿ ಕಾಳಯ್ಯನವರು ಸಿಕ್ಕಿದ್ದರು. ನಿಮ್ಮ ತಮ್ಮ ನಾನು ಗುಬ್ಬಿಗೆ ಬಂದ ಮರುದಿನವೇ ಶೆಡ್ಡಿಗೆ ಹೋಗಿ, ಎಲ್ಲ ಹೆಂಗಸರ ಮುಂದೆ ನಿಂತು, "ತಪ್ಪು ತಿಳ್ಕೊಂಡಿದ್ದೆ, ಇಲ್ಲಿ ಕೆಲ್ಸದಿಂದ ಆಗಿದ್ದಲ್ಲ, ಮೈಯಾಗಿನ ಬಿ.ಪಿ.ಯಿಂದ" ಎಂದು ಹೇಳಿ ಬಂದರಂತೆ. ಮಾತ್ರೆಯ ವಿಷಯ ಎತ್ತಲಿಲ್ಲವಂತೆ. ಚಿಕ್ಕಗಂಗಮ್ಮ ಕೆಲಸಕ್ಕೆ ವಾಪಸ್ ಬಂದಿದ್ದಾಳೆ.

ಅಷ್ಟು ಮಾಡಿದವರು ಇಲ್ಲಿಗೆ ಮಾತ್ರ ಬಂದಿಲ್ಲ. ಅವರಿಗೆ ಬೇರೆ ಹೆಣ್ಣು ನೋಡುತ್ತಿದ್ದಾರೆ ಎಂದು ಸಂತೆಯಲ್ಲಿ ಯಾರೋ ಅಮ್ಮನಿಗೆ ಹೇಳಿದ್ದಾರೆ. ಅಮ್ಮ ನನ್ನ ಮುಂದೆ ಆ ಮಾತು ಆಡುವುದಿಲ್ಲ. ನಾನು ಬಾವಿಗೆ, ಬಾವಿಯಿಂದ ತೋಟಕ್ಕೆ, ತೋಟದಿಂದ ಬೀದಿಯ ಬಾಗಿಲಿಗೆ ಓಡಾಡುತ್ತಲೇ ಇರುತ್ತೇನೆ. ತುಮಕೂರಿನ ಬಸ್ಸಿನ ಸದ್ದಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತೇನೆ.

ನೀವು ಹೀಗೆ ಸುಮ್ಮನಿರಬೇಡಿ. ಬೈದಾದರೂ ಬರೆಯಿರಿ.

ರಂಗಲಕ್ಷ್ಮಿ


ಕುಣಿಗಲ್
17–1–1986

ರಂಗಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲು ಕೂತೆ. ಪ್ರತಿಸಲವೂ ನನ್ನ ಹೆಸರು ಹೇಳಬೇಡ ಎನ್ನುವ ಮಾತೇ ಮೊದಲು ಬರುತ್ತಿತ್ತು. ಅದನ್ನು ಬರೆಯದೆ ಬೇರೆ ಬರೆಯಲು ಬರಲಿಲ್ಲ, ಅದಕ್ಕೇ ಬರೆಯಲಿಲ್ಲ.

ಸಂಕ್ರಾಂತಿಗೆ ಎಳ್ಳು ಕೊಡುವ ನೆಪದಲ್ಲಿ ತುಮಕೂರಿಗೆ ಹೋದೆ. ಅವ್ವ ಜಗಲಿಯ ಮೇಲೆ ಹೊಗೆಸೊಪ್ಪು ತಿಕ್ಕುತ್ತಾ ಕೂತಿದ್ದಳು. ನಾನು ಕೂತೊಡನೆ ನಿನ್ನ ಮಾತೇ ಎತ್ತಿದಳು. ಮಾತ್ರೆ ನುಂಗಿ ಮನೆ ಹಾಳು ಮಾಡುವ ಬುದ್ಧಿಯನ್ನು ನೀನು ಗುಬ್ಬಿಯಿಂದ ಕಲಿತು ಬಂದೆ, ನಿಮ್ಮ ತಾಯಿಯೇ ಕಲಿಸಿದ್ದು ಅಂದಳು. ತಮ್ಮ ಸಿದ್ದಗಂಗಯ್ಯ ಒಳಗೆ ಊಟ ಮಾಡುತ್ತಿದ್ದ. ನಾನು, "ಗುಬ್ಬಿಯೋರು ಕಲ್ಸಿಲ್ಲ ಕಣವ್ವ. ನಾನ್ ಕೊಟ್ಟಿದ್ದು" ಅಂದೆ.

ಅವ್ವ ಹೊಗೆಸೊಪ್ಪನ್ನು ಕೆಳಗಿಟ್ಟಳು. ಆಮೇಲೆ, "ನನ್ ಹೊಟ್ಟೇಲಿ ಹುಟ್ಟಿ ನನ್ ವಂಶಕ್ಕೇ ಅಡ್ಡ ಬಂದ್ಯಾ?" ಅಂದಳು.

ರಂಗಿ, ನಾನು ಜಗಳ ಆಡಲು ಹೋಗಿರಲಿಲ್ಲ. ಆದರೆ ಬಾಯಿಗೆ ಬಂದುಬಿಟ್ಟಿತು. ಐದು ಹೆತ್ತೆ, ಕುಣಿಗಲ್ಲಿನಲ್ಲಿ ಎರಡನ್ನು ಮಣ್ಣು ಮಾಡಿದೆ, ಒಂದರ ನೋವು ಆರುವ ಮೊದಲೇ ಇನ್ನೊಂದು. ಆಗ ನನಗೆ ಇಂಥ ಮಾತ್ರೆ ಯಾರಾದರೂ ತಂದುಕೊಟ್ಟಿದ್ದರೆ ಕೈ ಮುಗಿದು ನುಂಗುತ್ತಿದ್ದೆ ಅಂದೆ. ಕೇಳದೆ, ತಿಳಿಯದೆ, ಬಿ.ಪಿ. ಇದ್ದವಳಿಗೆ ಕೊಟ್ಟೆ, ಅದು ನನ್ನ ತಪ್ಪು. ಬೇಡ ಅಂದುಕೊಂಡದ್ದು ಅವಳ ತಪ್ಪಲ್ಲ ಅಂದೆ. ಅವ್ವ ಎದ್ದು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಎಳ್ಳಿನ ಪೊಟ್ಟಣ ಜಗಲಿಯ ಮೇಲೇ ಉಳಿಯಿತು.

ತಮ್ಮ ಬಸ್ ಸ್ಟ್ಯಾಂಡಿನವರೆಗೂ ಬಂದ. ಊಟದ ಕೈಯನ್ನು ಸರಿಯಾಗಿ ತೊಳೆದಿರಲಿಲ್ಲ, ಅದನ್ನೇ ನೋಡಿಕೊಂಡು, "ಅವ್ಳು ನಿನ್ ಹೆಸ್ರು ಹೇಳ್ಲೇ ಇಲ್ಲ ಕಣಕ್ಕ" ಅಂದ. ನೀನು ಬರೆದದ್ದನ್ನೂ ಕೇಳಿದೆ. ಬೇರೆ ಹೆಣ್ಣಿನ ಮಾತು ಸುಳ್ಳು. ಅವ್ವ ಎತ್ತಿದ್ದಳಂತೆ, ಇವನು ಎರಡು ದಿನ ಮನೆಗೆ ಊಟಕ್ಕೆ ಬರಲಿಲ್ಲವಂತೆ.

ಅವ್ವ ಇನ್ನು ನನ್ನನ್ನು ಸೇರಿಸುವುದಿಲ್ಲ. ಹೋಗಲಿ. ನೀನು ಕಣ್ಣು ನೋಡಿಕೋ.

ಮಹಾಲಕ್ಷ್ಮಮ್ಮ


ತುಮಕೂರು
9–3–1986

ಅತ್ತಿಗೆಯವರಿಗೆ ನಮಸ್ಕಾರಗಳು.

ಈ ಕಾಗದವನ್ನು ಅಂಚೆಗೆ ಹಾಕದೆ ಸಂಜೆಯ ಕುಣಿಗಲ್ ಬಸ್ಸಿನ ಕಂಡಕ್ಟರ್ ಕದರಯ್ಯನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಯಾಕೆಂದು ಕೊನೆಯಲ್ಲಿ ತಿಳಿಯುತ್ತದೆ.

ನಿಮ್ಮ ತಮ್ಮ ಫೆಬ್ರವರಿ ಮೊದಲಲ್ಲಿ ಗುಬ್ಬಿಗೆ ಬಂದರು. ಅಮ್ಮ ಕಾಫಿ ಕೊಟ್ಟು ಒಳಗೆ ಹೋದರು. ಇವರು ತೆಂಗಿನ ಮರಗಳನ್ನು ನೋಡುತ್ತಾ ಹೇಳಿದರು:

"ನಂಗೊಂದ್ ಮಾತು ಹೇಳ್ಬೋದಾಗಿತ್ತು. ನಾನೇನ್ ಬ್ಯಾಡ ಅಂತಿದ್ನಾ?"

"ಅಂತಿದ್ರಿ."

ಲೋಟವನ್ನು ಕೈಯಲ್ಲೇ ತಿರುಗಿಸಿದರು. "ಹೂಂ. ಅಂತಿದ್ದೆ" ಅಂದರು.

ನನಗೆ ಅಷ್ಟು ಸಾಕಾಗಿತ್ತು ಅತ್ತಿಗೆ. ಆದರೆ ಈ ಸಲ ನಾನು ಸಾಕು ಎಂದು ಬಿಡಲಿಲ್ಲ. ಇನ್ನೊಂದು ಹೆರುವುದಿಲ್ಲ, ಬೆಂಗಳೂರಿನ ಡಾಕ್ಟರಮ್ಮನೂ ಬೇಡ ಅಂದಿದ್ದಾರೆ, ಮಾತ್ರೆಯನ್ನೂ ನುಂಗುವುದಿಲ್ಲ, ಇದಕ್ಕೆ ಒಪ್ಪಿದರೆ ಬರುತ್ತೇನೆ ಎಂದೆ. ಅವರು ಲೋಟ ಕೆಳಗಿಟ್ಟು ಎದ್ದು ಹೋದರು. ನಾನು ಕೆಟ್ಟೆ ಅಂದುಕೊಂಡೆ. ಎರಡು ವಾರ ಕಳೆದು ಮತ್ತೆ ಬಂದರು, ನಡೆಯುವಾಗ ಸ್ವಲ್ಪ ಕಾಲು ಅಗಲಿಸಿಕೊಂಡು. ತಾವೇ ಆಪರೇಷನ್ ಮಾಡಿಸಿಕೊಂಡಿದ್ದರು. ಎಮರ್ಜೆನ್ಸಿಯಲ್ಲಿ ಅದಕ್ಕೆ ಹೆದರಿ ಊರವರ ಜೊತೆ ಹೊಲದಲ್ಲಿ ಅವಿತು ಕೂತಿದ್ದವರು, ಯಾರೂ ಕರೆಯದೆ ತಾವಾಗಿ ಹೋಗಿದ್ದರು. "ಇನ್ನು ನೀನೇನೂ ನುಂಗ್ಬೇಕಾಗಿಲ್ಲ, ನಡಿ" ಅಂದರು.

ಮನೆಗೆ ಬಂದ ದಿನವೇ ಅತ್ತೆಗೂ ಅವರೇ ಹೇಳಿದರು. ಮುಚ್ಚಿಡೋಣ ಎಂದು ನಾನು ಅಂದೆ, ಅವರು ಒಪ್ಪಲಿಲ್ಲ. ಅತ್ತೆ ಕೂಗಾಡಲಿಲ್ಲ, ಗೋಡೆಗೆ ಒರಗಿ ಕೂತರು. ಮಾರನೆಯ ದಿನ ತಲೆ ತಿರುಗಿ ಬಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅವರ ಬಿ.ಪಿ. ನನ್ನದಕ್ಕಿಂತ ಬಹಳ ಮೇಲೆ. ಎಷ್ಟು ವರ್ಷದಿಂದ ಇದೆಯೋ. ಈಗ ಇಬ್ಬರೂ ಒಂದೇ ಹೊತ್ತಿಗೆ ಮಾತ್ರೆ ತೆಗೆದುಕೊಳ್ಳುತ್ತೇವೆ. ನಾನು ನೀರು ತಂದಿಡುತ್ತೇನೆ, ಅವರು ಮುಖ ನೋಡದೆ ಲೋಟ ತೆಗೆದುಕೊಳ್ಳುತ್ತಾರೆ.

ನನ್ನ ಕಣ್ಣಿನ ಮಾತು. ಬಲಗಣ್ಣಿನ ಮಬ್ಬು ಸ್ವಲ್ಪ ಸರಿದಿದೆ, ಪೂರ್ತಿ ಹೋಗುವುದಿಲ್ಲವಂತೆ. ಎಡಗಣ್ಣು ಚೆನ್ನಾಗಿದೆ. ಕಾಳಯ್ಯನವರು ಪ್ಯಾಕಿಂಗಿನಲ್ಲಿ ಕೆಲಸ ಕೊಟ್ಟಿದ್ದಾರೆ. ಮೊದಲಿನ ಕೆಲಸಕ್ಕೆ ಮನಸ್ಸು ಎಳೆಯುತ್ತದೆ. ಆದರೂ ಹೋಗುತ್ತಿದ್ದೇನೆ.

ಈಗ ನಿಮಗೆ ಮುಖ್ಯವಾದದ್ದು. ನಿನ್ನೆ ಮಧ್ಯಾಹ್ನ ಅತ್ತೆ ಪೆಟ್ಟಿಗೆ ತೆಗೆದು ಸೀರೆ ಮಡಿಸುತ್ತಿದ್ದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಕೇಳಿದರೂ ಹೇಳುತ್ತಿರಲಿಲ್ಲ. ಪಾಪು ಕೇಳಿದಳು. ಅವಳಿಗೆ, "ನಿಮ್ಮತ್ತೆ ಊರಿಗೆ ಹೋಯ್ತೀನಿ ಕಣವ್ವ. ಅವಳ ಎರಡು ಕೂಸು ಹೋದಾಗ ನಾನು ಹೋಗಿರ್ಲಿಲ್ಲ" ಅಂದರು. ಅದನ್ನು ಹೇಳಿ ಮತ್ತೆ ಸೀರೆ ಮಡಿಸಿದರು.

ನಾಳೆ ಬೆಳಗಿನ ಬಸ್ಸಿಗೆ ಬರುತ್ತಾರೆ. ಬೈಯಲು ಬರುತ್ತಾರೋ, ಸುಮ್ಮನೆ ಕೂರಲು ಬರುತ್ತಾರೋ ನನಗೂ ನಿಮ್ಮ ತಮ್ಮನಿಗೂ ಗೊತ್ತಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಿರಿ. ಸಾರಿಗೆ ಉಪ್ಪು ಕಡಿಮೆ ಹಾಕಿ. ಹೊಗೆಸೊಪ್ಪು ಕೇಳಿದರೆ ಕೊಡಬೇಡಿ, ಎಷ್ಟು ಬೈದರೂ ಕೊಡಬೇಡಿ.

ನಿಮ್ಮ
ರಂಗಲಕ್ಷ್ಮಿ